ಹಳೆ ಬಾಡಿ, ಬೇರೆ ಚಾಸಿ: ಬಾಗಿಲು ಕೂರದಿದ್ದರೆ ಬಾಗಿಲನ್ನು ಉಜ್ಜಬೇಡಿ

ಪುಣೆಯ ಧಾಯರಿಯಲ್ಲಿರುವ ನಮ್ಮ ಶೆಡ್ಡಿನ ಷೆವರ್ಲೆಗೆ ಎರಡು ವಯಸ್ಸು. ಮೇಲಿನ ಬಾಡಿ 1926ರದ್ದು, ಕೆಳಗಿನ ಚಾಸಿ, ಅಂದರೆ ಎಂಜಿನ್, ಗಾಲಿ, ಬಾಡಿ ಎಲ್ಲವನ್ನೂ ಹೊರುವ ಕಬ್ಬಿಣದ ಚೌಕಟ್ಟು, 1928ರದ್ದು. ಬಾಡಿಯ ಸ್ವಂತ ಚಾಸಿ ಎಷ್ಟೋ ವರ್ಷ ಟ್ರೈಲರ್ ಆಗಿ ಕಬ್ಬು ಹೊತ್ತು ಕೊನೆಗೆ ಗುಜರಿ ಸೇರಿತ್ತು. ಬೇರೆ ಚಾಸಿ ಸಿಕ್ಕಾಗ, ಒಂದೇ ಕಂಪನಿ, ಎರಡೇ ವರ್ಷದ ಅಂತರ, ಬೋಲ್ಟು ಹಾಕಿದರೆ ಮುಗೀತು ಅಂದುಕೊಂಡೆ. ಮುಗಿಯಲಿಲ್ಲ.

ಬಾಡಿಯನ್ನು ಈ ಚಾಸಿಯ ಮೇಲೆ ಇಳಿಸಿದ ಮರುದಿನವೇ ಎಡಗಡೆಯ ಹಿಂದಿನ ಬಾಗಿಲು ಕೂರಲಿಲ್ಲ. ಮೇಲೆ ಹಿಡಿಯುತ್ತಿತ್ತು. ನಾನು ಕೀಸುಳಿ ತಗೊಂಡು ಬಾಗಿಲಿನ ಮರವನ್ನೇ ನಾಲ್ಕು ಮಿಲಿಮೀಟರ್ ಕೀಸಿದೆ. ಬಾಗಿಲು ಕೂತಿತು. ಎರಡು ದಿನ ಬಿಟ್ಟು ಕೆಳಗೆ ಟಾರ್ಚು ಹಿಡಿದು ನೋಡಿದರೆ, ಆ ಬಾಗಿಲಿನ ನೇರ ಕೆಳಗೆ, ಬಾಡಿಗೂ ಚಾಸಿಗೂ ನಡುವೆ ಇರಬೇಕಾದ ರಬ್ಬರ್ ಪ್ಯಾಡೇ ಇರಲಿಲ್ಲ! ಪ್ಯಾಡ್ ಹಾಕಿದೆ. ಈಗ ಬಾಗಿಲಿನ ಮೇಲ್ಭಾಗದಲ್ಲಿ ಪೆನ್ಸಿಲ್ ತೂರುವಷ್ಟು ಸಂದು.

ನಮ್ಮಲ್ಲಿ ಮರದ ಕೆಲಸ ಮಾಡುವ ಬಡಿಗೇರ ಕಾಕಾ ವಿಜಯಪುರದ ಕಡೆಯವರು. ಪುಣೆಗೆ ಬಂದು ಲಾರಿ ಬಾಡಿ ಕಟ್ಟಿ ಕಟ್ಟಿ ಕೈ ಪಳಗಿದೆ. ಅವರು ಕೀಸಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. "ಬಾಗಲಾ ಏನ್ ಮಾಡೇತ್ರಿ ಸಾಹೇಬ್ರ? ಅದು ಬರೇ ಹೇಳ್ತೈತಿ. ತಪ್ಪು ತಳದಾಗೈತಿ" ಅಂದರು.

ಕೆಳಗೆ ಬರೆದಿರುವುದೆಲ್ಲ ಆ ಮಾತಿನ ವಿಸ್ತರಣೆ ಅಂತಲೇ ಇಟ್ಟುಕೊಳ್ಳಿ. ಬಾಡಿ ಬೇರೆ, ಚಾಸಿ ಬೇರೆ ಇರುವ ಗಾಡಿಗಳಿಗೆ ಮಾತ್ರ ಇದು ಹೊಂದುತ್ತದೆ: ಎರಡನೇ ಮಹಾಯುದ್ಧಕ್ಕೆ ಮುಂಚಿನ ಹೆಚ್ಚಿನ ಕಾರುಗಳು, ವಿಲ್ಲಿಸ್ ಜೀಪು, ಸ್ಟ್ಯಾಂಡರ್ಡ್ ಹೆರಾಲ್ಡ್ ಹೀಗೆ. ಅಂಬಾಸಿಡರ್, ಪದ್ಮಿನಿಗಳಲ್ಲಿ ಬಾಡಿಯೇ ಚಾಸಿ. ಅಲ್ಲಿ ಬಿಚ್ಚಿ ಬೇರೆ ಮಾಡುವುದಕ್ಕೆ ಏನೂ ಇಲ್ಲ.

ಲಕ್ಷಣ ಹುಡುಕುವ ಮುಂಚೆ ಮೂರು ಅಳತೆ

ಬೇಕಾಗುವುದು ಟೇಪು, ತೂಗುಗುಂಡು, ಸೀಮೆಸುಣ್ಣ, ನೀರು ತುಂಬಿದ ಲೆವೆಲ್ ಪೈಪು. ಗಾರೆ ಕೆಲಸದವರ ಹತ್ತಿರ ಎಲ್ಲ ಸಿಗುತ್ತದೆ.

ಮೊದಲನೆಯದು ಗಾಲಿಯಿಂದ ಗಾಲಿಗೆ ಅಳತೆ. ಮುಂದಿನ ಹಬ್ಬಿನ (ಗಾಲಿಯ ಗುಂಬದ) ನಡುವಿನಿಂದ ಹಿಂದಿನ ಹಬ್ಬಿನ ನಡುವಿಗೆ, ಎಡಕ್ಕೂ ಬಲಕ್ಕೂ ಪ್ರತ್ಯೇಕವಾಗಿ. 1926ರ ಷೆವರ್ಲೆಯಲ್ಲಿ ಇದು 103 ಇಂಚು. 1928ರಲ್ಲಿ 107. ಮುಂದಿನ ವರ್ಷ ಬರಲಿದ್ದ ಆರು ಸಿಲಿಂಡರ್ ಎಂಜಿನ್ನಿಗೆ ಜಾಗ ಬೇಕಿತ್ತು, ಅದಕ್ಕೇ ಚಾಸಿಯನ್ನು ಒಂದು ವರ್ಷ ಮೊದಲೇ ಉದ್ದ ಮಾಡಿದ್ದರು. ಜನರಲ್ ಮೋಟಾರ್ಸ್ ಮುಂಬೈಯ ಶಿವಡಿಯಲ್ಲಿ ಗಾಡಿ ಜೋಡಿಸಲು ಶುರು ಮಾಡಿದ್ದೂ ಅದೇ 1928ರಲ್ಲಿ. ಹಾಗಾಗಿ ಈ ಸೀಮೆಯಲ್ಲಿ ಉದ್ದನೆಯ ಚಾಸಿ ಕೈಗೆ ಸಿಕ್ಕರೆ ಆಶ್ಚರ್ಯವಿಲ್ಲ. ಬೇರೆ ಗಾಡಿಗಳಲ್ಲೂ ಇದೇ ಕತೆ. ಫೋರ್ಡ್ ಟಿ ಮಾಡೆಲ್ 100 ಇಂಚು, ಎ ಮಾಡೆಲ್ 103.5 ಇಂಚು. ಆಸ್ಟಿನ್ ಸೆವೆನ್ ಮೊದಲು 75 ಇಂಚು ಇತ್ತು, ಆಮೇಲೆ 81 ಆಯಿತು. ಹೆಸರು ಒಂದೇ ಅಂತ ಅಳತೆ ಒಂದೇ ಇರುವುದಿಲ್ಲ.

ಎರಡನೆಯದು ಮೂಲೆಯಿಂದ ಮೂಲೆಗೆ. ಚಾಸಿಯ ನಾಲ್ಕು ಕಡೆ, ಎಡಬಲಕ್ಕೆ ಒಂದೇ ಜಾಗದ ತೂತಿನಿಂದ ತೂಗುಗುಂಡು ಬಿಡಿ. ಗುಂಡಿನ ತುದಿ ನೆಲಕ್ಕೆ ತೋರಿಸುವಲ್ಲಿ ಸೀಮೆಸುಣ್ಣದ ಚುಕ್ಕೆ ಇಡಿ. ಚುಕ್ಕೆಯಿಂದ ಚುಕ್ಕೆಗೆ ಓರೆಯಾಗಿ ಎರಡೂ ಕಡೆ ಅಳೆಯಿರಿ. ಮೂರು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಚಿಂತೆ ಬೇಡ. ಆರು ದಾಟಿದರೆ ಚಾಸಿ ಚೌಕ ತಪ್ಪಿ ಗಾಳಿಪಟದ ಹಾಗೆ ಓರೆಯಾಗಿದೆ. ಅಂಥ ಚಾಸಿಯ ಮೇಲೆ ಬಾಡಿಯನ್ನು ಎಷ್ಟು ಹೊಂದಿಸಿದರೂ ಒಂದು ಬಾಗಿಲು ಸರಿಹೋದರೆ ಇನ್ನೊಂದು ಕೆಡುತ್ತದೆ. ಇಲ್ಲೇ ನಿಲ್ಲಿಸಿ. ಮೊದಲು ಚಾಸಿ ನೇರವಾಗಲಿ.

ಮೂರನೆಯದು ತಿರುಚು. ಬಾಡಿ ಕೂರುವ ಜಾಗಗಳ ಎತ್ತರವನ್ನು ನೀರಿನ ಪೈಪಿನಿಂದ ನೋಡಿ. ರಸಮಟ್ಟಕ್ಕಿಂತ ಇದನ್ನೇ ನಾನು ಜಾಸ್ತಿ ನಂಬುತ್ತೇನೆ. ಒಂದು ಮೂಲೆ ಮಾತ್ರ ಎದ್ದಿದ್ದರೆ ಅದನ್ನು ಕಾಗದದಲ್ಲಿ ಬರೆದಿಡಿ. ಮುಂದೆ ಪ್ಯಾಕಿಂಗ್, ಅಂದರೆ ಎತ್ತರ ಹೊಂದಿಸಲು ಬಾಡಿಗೂ ಚಾಸಿಗೂ ನಡುವೆ ಇಡುವ ತುಂಡು, ಹಾಕುವಾಗ ಈ ಚೀಟಿಯೇ ದಾರಿ ತೋರಿಸುತ್ತದೆ.

ಲಕ್ಷಣ: ಬಾಗಿಲು ಕೂರುವುದಿಲ್ಲ, ಅಥವಾ ಓಡುವಾಗ ತಾನೇ ತೆರೆದುಕೊಳ್ಳುತ್ತದೆ

ಮೊದಲು ಕಾಸಿಲ್ಲದ ಪರೀಕ್ಷೆ. ಬಾಗಿಲನ್ನು ಅರ್ಧ ತೆರೆದು, ಚಿಲಕದ ಕಡೆಯ ಅಂಚನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ. ಕಟಕ್ ಅಂತ ಆಡಿದರೆ ತಪ್ಪು ಹಿಂಜಿನದ್ದು. ಪಿನ್ನು ಸವೆದಿದೆ. ತೂತು ಸ್ವಲ್ಪ ದೊಡ್ಡದು ಮಾಡಿ ದಪ್ಪ ಪಿನ್ನು ಹಾಕಿದರೆ ಆಯಿತು. ಆಡುವುದಿಲ್ಲ, ಆದರೆ ಹಿಂಜಿನ ಸ್ಕ್ರೂ ಮರದೊಳಗೆ ಕದಲುತ್ತಿದೆ ಅಂದರೆ ಬಾಗಿಲ ಪಕ್ಕದ ಕಂಬದ ಮರ ಪೊಳ್ಳಾಗಿದೆ. ಆ ಕಾಲದ ಬಾಡಿಗಳಲ್ಲಿ ಒಳಗೆ ಮರದ ಚೌಕಟ್ಟು, ಅದರ ಮೇಲೆ ತಗಡು ಹೊಡೆದಿರುತ್ತಾರೆ ಅನ್ನುವುದು ನೆನಪಿರಲಿ. ತಗಡು ಮಿರುಗುತ್ತಿದ್ದರೂ ಒಳಗೆ ಗೆದ್ದಲು ತಿಂದಿರಬಹುದು. ಒಂದು ದಬ್ಬಣ ಚುಚ್ಚಿ ನೋಡಿ. ಬೆಣ್ಣೆಗೆ ಹೋದ ಹಾಗೆ ಹೋದರೆ ಆ ಮರ ಬದಲಿಸದೆ ಮುಂದೆ ಹೋಗಬೇಡಿ.

ಹಿಂಜು ಗಟ್ಟಿ, ಮರ ಗಟ್ಟಿ. ಆಗ ಸಂದು ಓದಬೇಕು. ಬಾಗಿಲು ಮುಚ್ಚಿ, ಎರಡು ಕಂಬದ ಕಡೆಯೂ ಮೇಲೆ ಮತ್ತು ಕೆಳಗೆ ಸಂದು ಅಳೆದು ಬಾಗಿಲ ಮೇಲೆಯೇ ಸೀಮೆಸುಣ್ಣದಿಂದ ಬರೆಯಿರಿ.

ಮೇಲೆ ಸಂದು ಜಾಸ್ತಿ, ಕೆಳಗೆ ಕಡಿಮೆ ಇದ್ದರೆ ಎರಡು ಕಂಬಗಳು ಹೊರಕ್ಕೆ ಬಾಗಿವೆ. ಬಾಡಿಯ ನಡುಭಾಗ ಎದ್ದಿದೆ, ತುದಿಗಳು ಜೋತಿವೆ. ಆಮೆಯ ಬೆನ್ನಿನ ಹಾಗೆ. ಬಾಗಿಲಿನ ಕೆಳಗಿನ ಪ್ಯಾಕಿಂಗ್ ತೆಗೆಯಬೇಕು, ಇಲ್ಲವೇ ಮುಂದೆ ಅಥವಾ ಹಿಂದೆ ಹಾಕಬೇಕು.

ಮೇಲೆ ಹಿಡಿಯುತ್ತಿದೆ, ಕೆಳಗೆ ಸಂದು ಇದೆ ಅಂದರೆ ಉಲ್ಟಾ. ನಡು ಕುಸಿದಿದೆ, ಹಳೆ ಹಗ್ಗದ ಮಂಚದ ಹಾಗೆ. ಬಾಗಿಲಿನ ಕೆಳಗೇ ಪ್ಯಾಕಿಂಗ್ ಬೇಕು. ನಾನು ಕೀಸುಳಿ ಹಿಡಿದಿದ್ದು ಇಲ್ಲಿಯೇ.

ಸಂದು ಮೇಲೂ ಕೆಳಗೂ ಒಂದೇ, ಆದರೆ ಬಾಗಿಲಿನ ಕೆಳಮೂಲೆ ಹೊರಕ್ಕೆ ಚಾಚಿಕೊಂಡಿದೆ ಅಂದರೆ ಬಾಡಿ ತಿರುಚಿದೆ. ಅಳತೆಯ ಚೀಟಿ ತೆಗೆದು ಯಾವ ಮೂಲೆ ಎದ್ದಿತ್ತು ನೋಡಿ.

ಪ್ಯಾಕಿಂಗ್ ಹಾಕುವ ಕ್ರಮ ಮುಖ್ಯ. ಎರಡೂ ಬದಿಯ ಎಲ್ಲ ಬೋಲ್ಟು ಮೊದಲು ಸಡಿಲ ಮಾಡಿ. ಒಂದೇ ಬೋಲ್ಟು ಬಿಚ್ಚಿ ಅಲ್ಲಿ ತುರುಕಿದರೆ ಪಕ್ಕದ ಬೋಲ್ಟು ಬಾಡಿಯನ್ನು ಹಿಡಿದೆಳೆದು ಮರ ಸೀಳುತ್ತದೆ. ಜ್ಯಾಕಿನ ತಲೆಗೆ ಅಗಲದ ಹಲಗೆ ಇಟ್ಟು ಬಾಡಿಯ ಕೆಳಮರಕ್ಕೆ ಆನಿಸಿ ಎತ್ತಿ. ಒಂದು ಸಲಕ್ಕೆ ಒಂದೂವರೆ ಮಿಲಿಮೀಟರ್ ಮಾತ್ರ. ಆಮೇಲೆ ಜ್ಯಾಕ್ ಇಳಿಸಿ, ಬಾಡಿಯ ಮೂಲೆಗಳನ್ನು ಒತ್ತಿ ಕುಲುಕಿ, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಸಂದು ಮತ್ತೆ ಅಳೆಯಿರಿ. ರಾತ್ರಿ ಕಳೆದ ಮೇಲಿನ ಅಳತೆಯೇ ನಿಜವಾದದ್ದು. ಇನ್ನೊಂದು ಮಾತು: ಬಾಡಿಗೂ ಚಾಸಿಗೂ ನಡುವೆ ಬೆರಳು ಹಾಕಬೇಡಿ. ತುಂಡನ್ನು ಇಕ್ಕಳದಲ್ಲಿ ಹಿಡಿದು ತೂರಿಸಿ. ಕಾಕಾ ಅವರ ಎಡಗೈ ಕಿರುಬೆರಳಿಗೆ ಉಗುರಿಲ್ಲ. ಲಾರಿ ಬಾಡಿ ಕಾಲದ್ದು.

ಎಲ್ಲ ಸರಿಯಾದ ಮೇಲೆ ಒಂದು ಪರೀಕ್ಷೆ. ಮುಂದಿನ ಒಂದು ಗಾಲಿಯನ್ನು ಆಕ್ಸಲ್ ಕೆಳಗೆ ಜ್ಯಾಕ್ ಇಟ್ಟು ಆರು ಇಂಚು ಎತ್ತಿ. ಚಾಸಿ ತಿರುಚುತ್ತದೆ, ತಿರುಚಲೇಬೇಕು, ಅದರ ಗುಣವೇ ಅದು. ಬಾಗಿಲಿನ ಸಂದು ಎಷ್ಟು ಬದಲಾಯಿತು ನೋಡಿ. ತೆರೆದ ಟೂರರ್ ಬಾಡಿಯಲ್ಲಿ ಒಂದೆರಡು ಮಿಲಿಮೀಟರ್ ಆದರೆ ನಾನು ಸುಮ್ಮನಿರುತ್ತೇನೆ. ನಾಲ್ಕೈದು ಬದಲಾದರೆ ಕೆಳಮರದ ಜೋಡಣೆ ಎಲ್ಲೋ ಬಿಟ್ಟಿದೆ. ಮತ್ತೆ ದಬ್ಬಣ ಕೈಗೆ ತಗೊಳ್ಳಿ.

ಮಳೆಯ ವಿಷಯ ಹೇಳದಿದ್ದರೆ ಈ ಭಾಗ ಅರ್ಧವಾಗುತ್ತದೆ. ಪುಣೆಯಲ್ಲಿ ಏಪ್ರಿಲ್ ಅಂದರೆ ಮರ ಒಣಗಿ ಕಟ್ಟಿಗೆಯಾಗಿರುತ್ತದೆ. ಜುಲೈ ಬಂದರೆ ಅದೇ ಮರ ನೀರು ಕುಡಿದು ಉಬ್ಬುತ್ತದೆ. ನಾನು ಏಪ್ರಿಲ್‌ನಲ್ಲಿ ಬಿಗಿಯಾಗಿ ಹೊಂದಿಸಿದ ಬಲಬಾಗಿಲು ಜುಲೈಯಲ್ಲಿ ತೆರೆಯಲೇ ಇಲ್ಲ. ಮೇಲಿಂದ ಹತ್ತಿ ಒಳಗೆ ಕೂತೆ. ಬೇಸಿಗೆಯಲ್ಲಿ ಹೊಂದಿಸುವವರು ಎರಡು ಮಿಲಿಮೀಟರ್ ಜಾಸ್ತಿ ಬಿಡಿ. ಮುಂಬೈ, ಗೋವಾದಲ್ಲಿ ಇರುವವರು ಇನ್ನೂ ಸ್ವಲ್ಪ ಬಿಡಿ. ಮತ್ತೆ ಮರದ ಕೊಯ್ದ ತುದಿಗಳಿಗೆ ಬಣ್ಣ ಅಥವಾ ವಾರ್ನಿಷ್ ಹಚ್ಚದೆ ಬಿಡಬೇಡಿ, ನೀರು ಒಳಗೆ ಹೋಗುವುದು ಅಲ್ಲಿಂದಲೇ.

ಲಕ್ಷಣ: ಗಾಡಿ ಒಂದು ಕಡೆಗೆ ವಾಲಿ ನಿಂತಿದೆ

ನಾಲ್ಕೂ ಗಾಲಿಯ ಗಾಳಿ ನೋಡಿ. ನಗಬೇಡಿ, ನಾನು ಒಮ್ಮೆ ಅರ್ಧ ದಿನ ಕಳೆದಿದ್ದೇನೆ. ನೆಲ ಮಟ್ಟವಾಗಿದೆಯೇ ನೋಡಿ. ಆಮೇಲೆ ಎರಡು ಅಳತೆ: ನೆಲದಿಂದ ಚಾಸಿಗೆ, ಚಾಸಿಯಿಂದ ಬಾಡಿಗೆ. ಮೊದಲನೆಯದರಲ್ಲಿ ಎಡಬಲ ವ್ಯತ್ಯಾಸ ಬಂದರೆ ತಪ್ಪು ಪಟ್ಟಿ ಸ್ಪ್ರಿಂಗಿನದ್ದು. ನಮ್ಮ ಲಾರಿಯವರು ಬ್ಲೇಡು ಅನ್ನುತ್ತಾರೆ, ಪುಣೆಯಲ್ಲಿ ಪಾಟಾ ಅಂದರೆ ಬೇಗ ಅರ್ಥವಾಗುತ್ತದೆ. ಎರಡನೆಯದರಲ್ಲಿ ಬಂದರೆ ಪ್ಯಾಡಿನದ್ದು. ಸ್ಪ್ರಿಂಗಿನ ತಪ್ಪನ್ನು ಪ್ಯಾಡಿನಿಂದ ಮುಚ್ಚುವವರಿದ್ದಾರೆ. ನಿಂತಾಗ ಗಾಡಿ ನೆಟ್ಟಗೆ ಕಾಣುತ್ತದೆ, ತಿರುವಿನಲ್ಲಿ ಬಣ್ಣ ಬಯಲಾಗುತ್ತದೆ.

ಲಕ್ಷಣ: ಬಾನೆಟ್ ಮುಟ್ಟುವುದಿಲ್ಲ, ಅಥವಾ ರೇಡಿಯೇಟರ್ ಪದೇ ಪದೇ ಸೋರುತ್ತದೆ

ಗಾಲಿಯಿಂದ ಗಾಲಿಗೆ ಬಂದ ನಾಲ್ಕು ಇಂಚಿನ ಲೆಕ್ಕ ಕಣ್ಣಿಗೆ ಹೊಡೆಯುವುದು ಇಲ್ಲಿ. ನಮ್ಮ ಗಾಡಿಯಲ್ಲಿ ಹಿಂದಿನ ಮಡ್‌ಗಾರ್ಡಿನ ನಡುವಿಗೆ ಹಿಂದಿನ ಗಾಲಿ ಸರಿಯಾಗಿ ಕೂತಿತು. ಮುಂದೆ ಮಾತ್ರ ಬಾನೆಟ್ಟಿಗೂ ರೇಡಿಯೇಟರಿಗೂ ನಡುವೆ ಅಂಗೈ ಅಗಲದ ಬಯಲು.

ಇಲ್ಲಿ ಮೂರು ಆಸೆ ಹುಟ್ಟುತ್ತವೆ. ಬಾಡಿಯನ್ನೇ ಮುಂದಕ್ಕೆ ತಳ್ಳುವುದು ಮೊದಲನೆಯದು. ತಳ್ಳಿದರೆ ಹಿಂದಿನ ಗಾಲಿ ಮಡ್‌ಗಾರ್ಡಿನ ಬೆನ್ನಿಗೆ ಉಜ್ಜುತ್ತದೆ, ಪೆಡಲು ಸೀಟಿನ ಹತ್ತಿರ ಬಂದು ಮೊಣಕಾಲು ಸ್ಟೀರಿಂಗಿಗೆ ತಾಗುತ್ತದೆ. ಎರಡನೆಯದು ಚಾಸಿ ಕತ್ತರಿಸಿ ನಾಲ್ಕು ಇಂಚು ಗಿಡ್ಡ ಮಾಡುವುದು. ಮಾಡಬೇಡಿ ಅಂತಷ್ಟೇ ಹೇಳುತ್ತೇನೆ, ಕಾರಣ ಕೆಳಗೆ ಬರುತ್ತದೆ. ಮೂರನೆಯದು ರೇಡಿಯೇಟರ್ ಹಿಂದಕ್ಕೆ ತರುವುದು. ಫ್ಯಾನಿಗೆ ಜಾಗ ಉಳಿಯುವುದಿಲ್ಲ. ನಾವು ಉದ್ದನೆಯ ಬಾನೆಟ್ ಹೊಸದಾಗಿ ಮಾಡಿಸಿದೆವು. ಹಳೆಯದನ್ನು ಹಾಳು ಮಾಡದೆ ಗೋಡೆಗೆ ನೇತುಹಾಕಿದ್ದೇವೆ. ನಾಳೆ ಸರಿಯಾದ ಚಾಸಿ ಸಿಕ್ಕರೆ ಬೇಕಲ್ವಾ.

ಬಾನೆಟ್ ಉದ್ದ ಸರಿ ಇದೆ, ಆದರೆ ಒಂದು ಬದಿ ಮುಟ್ಟುತ್ತದೆ, ಇನ್ನೊಂದು ಬದಿ ಬಾಯಿ ಬಿಟ್ಟಿದೆ ಅಂದರೆ, ಬಾನೆಟ್ಟನ್ನು ಬಡಿಯುವ ಮುಂಚೆ ರೇಡಿಯೇಟರ್ ಕೆಳಗಿನ ಪ್ಯಾಡ್ ನೋಡಿ. ಒಂದು ಬದಿ ಎರಡು ಮಿಲಿಮೀಟರ್ ಎದ್ದರೆ ಮೇಲ್ತುದಿ ಅದಕ್ಕಿಂತ ಜಾಸ್ತಿ ವಾಲುತ್ತದೆ.

ಬೆಸುಗೆ ಹಾಕಿಸಿದ ರೇಡಿಯೇಟರ್ ಮತ್ತೆ ಅದೇ ಜಾಗದಲ್ಲಿ ಬಿಟ್ಟರೆ ಬೆಸುಗೆಯವನನ್ನು ಬಯ್ಯಬೇಡಿ. ರೇಡಿಯೇಟರಿನ ತಲೆಯಿಂದ ಬಾಡಿಯ ಮುಂಗೋಡೆಗೆ ಹೋಗುವ ಕಂಬಿಯನ್ನು ಎಳೆದು ಬಿಗಿದಿರುತ್ತೀರಿ. ಚಾಸಿ ತಿರುಚಿದಾಗಲೆಲ್ಲ ಅದು ರೇಡಿಯೇಟರನ್ನು ಹಿಡಿದು ಜಗ್ಗುತ್ತದೆ. ಆ ಕಂಬಿ ಆಧಾರಕ್ಕೆ ಮಾತ್ರ. ರೇಡಿಯೇಟರ್ ತಾನೇ ನೆಟ್ಟಗೆ ನಿಂತ ಮೇಲೆ ನಟ್ಟು ಮುಟ್ಟಿಸಿ, ಲಾಕ್ ಮಾಡಿ, ಬಿಡಿ.

ಲಕ್ಷಣ: ಕಿರ್ ಕಿರ್, ಕಟ ಕಟ ಸದ್ದು

ಕಿರ್ ಅಂದರೆ ಮರಕ್ಕೆ ಕಬ್ಬಿಣ ಉಜ್ಜುತ್ತಿದೆ. ಕಟ ಅಂದರೆ ಬೋಲ್ಟು ತೂತಿನೊಳಗೆ ಆಡುತ್ತಿದೆ. ಜಾಗ ಹುಡುಕಲು ಸೀಮೆಸುಣ್ಣದ ಪುಡಿ ಊದಿ ಒಂದು ಸುತ್ತು ಹೋಗಿ ಬನ್ನಿ. ಪುಡಿ ಅಳಿಸಿದ ಜಾಗವೇ ಸದ್ದಿನ ಜಾಗ.

ಬಾಡಿಯ ಉದ್ದಕ್ಕೂ ಚಾಸಿಯ ಮೇಲೆ ಪಟ್ಟಿ ಹಾಸಬೇಕು. ನಾವು ಮಂಚದ ನವಾರ ತಂದು ಬಿಸಿ ಮೇಣದಲ್ಲಿ ಅದ್ದಿ ಹಾಸಿದೆವು, ಚೆನ್ನಾಗಿ ನಿಂತಿದೆ. ಬೋಲ್ಟಿನ ಜಾಗಕ್ಕೆ ಬಟ್ಟೆಯ ಪದರ ಇರುವ ಕನ್ವೇಯರ್ ಬೆಲ್ಟಿನ ತುಂಡು ಒಳ್ಳೆಯದು. ಪುಣೆಯ ನಾನಾ ಪೇಠೆಯ ಸ್ಪೇರ್ ಪಾರ್ಟ್ ಅಂಗಡಿ ಸಾಲಿನಲ್ಲಿ ವಿಚಾರಿಸಿದರೆ ಇಂಥದ್ದು ಸಿಗುವ ದಾರಿ ಹೇಳುತ್ತಾರೆ. ಮೆತ್ತನೆಯ ಟ್ಯೂಬ್ ರಬ್ಬರ್ ಬೇಡ. ಆರು ತಿಂಗಳಲ್ಲಿ ಚಪ್ಪಟೆಯಾಗಿ, ನೀವು ಕಷ್ಟಪಟ್ಟು ಹೊಂದಿಸಿದ ಬಾಗಿಲೆಲ್ಲ ಮೊದಲಿನ ಹಾಗಾಗುತ್ತದೆ. ಸದ್ದು ನಿಲ್ಲಲಿ ಅಂತ ಬೋಲ್ಟನ್ನು ಸ್ಪ್ಯಾನರಿಗೆ ಪೈಪು ಹಾಕಿ ಬಿಗಿಯುವುದು ದೊಡ್ಡ ತಪ್ಪು. ಮರ ಅರೆದು ಹೋಗುತ್ತದೆ. ಅಗಲದ ವಾಷರ್ ಹಾಕಿ, ರಬ್ಬರ್ ಸ್ವಲ್ಪ ಉಬ್ಬುವವರೆಗೆ ಸಾಕು.

ಲಕ್ಷಣ: ಸ್ಟೀರಿಂಗ್ ಒಂದು ಜಾಗದಲ್ಲಿ ಭಾರ, ಪೆಡಲು ಹಿಂದೆ ಬರುವುದಿಲ್ಲ

ಇಲ್ಲಿಂದ ಮುಂದಿನದು ಸೌಂದರ್ಯದ ವಿಷಯವಲ್ಲ. ಇವು ಇದ್ದರೆ ಗಾಡಿ ಶೆಡ್ಡು ದಾಟಬಾರದು.

ಸ್ಟೀರಿಂಗ್ ಪೆಟ್ಟಿಗೆ ಚಾಸಿಗೆ ಕೂತಿರುತ್ತದೆ, ಅದರ ಉದ್ದನೆಯ ಕೊಳವೆಯ ಮೇಲ್ತುದಿ ಬಾಡಿಯ ಡ್ಯಾಶ್‌ಬೋರ್ಡಿಗೆ. ಬಾಡಿ ಬದಲಾದರೆ ಇಬ್ಬರ ಮಾತು ಹೊಂದುವುದಿಲ್ಲ. ಡ್ಯಾಶ್‌ಬೋರ್ಡಿನ ಕ್ಲಾಂಪ್ ಸಡಿಲ ಮಾಡಿ ನೋಡಿ. ಕೊಳವೆ ಅಲ್ಲೇ ನಿಂತರೆ ಒಳ್ಳೆಯದು. ನಮ್ಮದು ಟಣ್ ಅಂತ ಒಂದು ಬೆರಳು ಬಲಕ್ಕೆ ಜಿಗಿಯಿತು. ಅಷ್ಟು ದಿನ ಬಗ್ಗಿಸಿ ಹಿಡಿದಿದ್ದೆವು. ಕೊಳವೆಯನ್ನು ಕಾಯಿಸಿ ಬಗ್ಗಿಸುವ ಯೋಚನೆ ಬೇಡವೇ ಬೇಡ. ಕ್ಲಾಂಪಿನ ಬ್ರಾಕೆಟ್ಟನ್ನು ಕೊಳವೆ ಇರುವ ಕಡೆಗೆ ಸರಿಸಿ, ಕೆಳಗೆ ಓರೆ ಕಡಿದ ತುಂಡು ಕೊಡಿ. ಆಮೇಲೂ ಭಾರ ಇದ್ದರೆ ತಪ್ಪು ಪೆಟ್ಟಿಗೆಯೊಳಗಿದೆ. ಅದು ಅನುಭವ ಇರುವ ಮೆಕ್ಯಾನಿಕ್‌ನ ಕೆಲಸ.

ಪೆಡಲು ನೆಲದ ಹಲಗೆಯ ಸೀಳಿಗೆ ತಾಗುತ್ತಿದ್ದರೆ ಹಲಗೆ ಕೊಯ್ಯಿರಿ, ಪೆಡಲು ಬಗ್ಗಿಸಬೇಡಿ. ಎಲ್ಲ ಕಡೆ ಕಿರುಬೆರಳು ತೂರುವಷ್ಟು ಜಾಗ ಇರಲಿ. ಈ ಹಲಗೆಯೂ ಮಳೆಗಾಲದಲ್ಲಿ ಉಬ್ಬುತ್ತದೆ.

ಲಕ್ಷಣ: ಹತ್ತು ನಿಮಿಷ ಓಡಿಸಿದರೆ ಒಂದು ಬ್ರೇಕ್ ಡ್ರಮ್ ಬಿಸಿ

ನಾಲ್ಕೂ ಗಾಲಿಗೆ ಬ್ರೇಕ್ ಬಂದಿದ್ದು ಈ 1928ರ ಚಾಸಿಯಲ್ಲೇ. ಎಲ್ಲ ಕಂಬಿಯಿಂದ ಎಳೆಯುವಂಥವು, ಎಣ್ಣೆಯ ಮಾತಿಲ್ಲ. ಬರೀ ಚಾಸಿ ಇದ್ದಾಗ ನಾನು ಕಂಬಿಗಳನ್ನು ಚೆನ್ನಾಗಿ ಹೊಂದಿಸಿ ಹೆಮ್ಮೆಪಟ್ಟಿದ್ದೆ. ಬಾಡಿ ಕೂತಿತು, ಸ್ಪ್ರಿಂಗ್ ತಗ್ಗಿತು, ಆಕ್ಸಲ್ಲಿಗೂ ಚಾಸಿಗೂ ನಡುವಿನ ಅಳತೆ ಬದಲಾಯಿತು. ಯಾರೂ ತುಳಿಯದೆ ಕಂಬಿಯೇ ಬ್ರೇಕ್ ಎಳೆಯತೊಡಗಿತು.

ಪರೀಕ್ಷೆಗೆ ಸ್ಟ್ಯಾಂಡನ್ನು ಆಕ್ಸಲ್ ಕೆಳಗೆ ಇಡಿ, ಚಾಸಿ ಕೆಳಗಲ್ಲ. ಚಾಸಿ ಕೆಳಗಿಟ್ಟರೆ ಆಕ್ಸಲ್ ಜೋತುಬಿದ್ದು ಸುಳ್ಳು ಅಳತೆ ಕೊಡುತ್ತದೆ. ಗಾಡಿಯೊಳಗೆ ಇಬ್ಬರನ್ನು ಕೂರಿಸಬೇಡಿ, ಅವರ ತೂಕಕ್ಕೆ ಮರಳಿನ ಚೀಲ ಇಡಿ. ಒಂದೊಂದೇ ಗಾಲಿಯನ್ನು ಕೈಯಿಂದ ತಿರುಗಿಸಿ. ಮುಂದಿನ ಗಾಲಿಗಳನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿಯೂ ನೋಡಿ. ಹಿಡಿದರೆ ಮೊದಲು ಕಂಬಿ ಬಾಡಿಯ ಅಡ್ಡಮರಕ್ಕೆ ತಾಗುತ್ತಿದೆಯೇ ನೋಡಿ, ಆಮೇಲೆ ಅದರ ಉದ್ದ ಹೊಂದಿಸಿ.

ಡ್ರಮ್ ಬಿಚ್ಚಿದರೆ ಒಳಗಿನ ಧೂಳನ್ನು ಬಾಯಿಂದಲೂ ಕಂಪ್ರೆಸರ್‌ನಿಂದಲೂ ಊದಬೇಡಿ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲಕ್ಕೆ ಕಟ್ಟಿ ಬಿಸಾಕಿ. ಬ್ರೇಕ್ ಬಗ್ಗೆ ಸ್ವಲ್ಪ ಅನುಮಾನ ಇದ್ದರೂ ಕಾತ್ರಜ್ ಘಾಟಿನ ಕಡೆ ಮುಖ ಮಾಡಬೇಡಿ.

ಲಕ್ಷಣ: ಪೆಟ್ರೋಲ್ ವಾಸನೆ

ನಿಲ್ಲಿಸಿ. ಬ್ಯಾಟರಿ ತಂತಿ ಬಿಚ್ಚಿ. ಆಮೇಲೆ ಹುಡುಕಿ. ಹಿಂದಿನ ಟ್ಯಾಂಕಿನಿಂದ ಚಾಸಿಯ ಪಕ್ಕದಲ್ಲಿ ಬರುವ ತಾಮ್ರದ ಪೈಪು ಬಾಡಿಯ ಮರಕ್ಕೆ ಸಿಕ್ಕಿ ನಜ್ಜಾಗಿರುವುದೇ ಹೆಚ್ಚು. ಟ್ಯಾಂಕಿಗೆ ಯಾವ ಕಾರಣಕ್ಕೂ ನೀವೇ ವೆಲ್ಡಿಂಗ್ ಮಾಡಬೇಡಿ, ಖಾಲಿ ಟ್ಯಾಂಕೂ ಸಿಡಿಯುತ್ತದೆ. ಫೋರ್ಡಿನವರಿಗೆ ಒಂದು ಎಚ್ಚರಿಕೆ: ಎ ಮಾಡೆಲ್‌ನಲ್ಲಿ ಪೆಟ್ರೋಲ್ ಟ್ಯಾಂಕು ಡ್ಯಾಶ್‌ಬೋರ್ಡಿನ ಮುಂದೆ, ಬಾಡಿಯ ಭಾಗವಾಗಿಯೇ ಇರುತ್ತದೆ. ಅದರ ಚಾಸಿಯ ಮೇಲೆ ಟಿ ಬಾಡಿ ಕೂರಿಸಿದರೆ ಟ್ಯಾಂಕ್ ಎಲ್ಲಿ ಅನ್ನುವ ಪ್ರಶ್ನೆ ಕೊನೆಗೆ ಬರುತ್ತದೆ. ಅದನ್ನು ಮೊದಲೇ ಕೇಳಿಕೊಳ್ಳಿ.

ಲಕ್ಷಣ: ದೀಪ ಮಂಕು, ಹಾರ್ನ್ ಗೊಗ್ಗರು

ನೀವು ಹೊಸದಾಗಿ ಹಾಕಿದ ರಬ್ಬರ್ ಪ್ಯಾಡುಗಳೇ ಕಾರಣ. ಬಾಡಿಗೂ ಚಾಸಿಗೂ ಕಬ್ಬಿಣದ ಸಂಪರ್ಕ ತಪ್ಪಿ ಅರ್ಥಿಂಗ್ ಹೋಗಿದೆ. ಒಂದು ತಂತಿಯ ತುದಿಯನ್ನು ದೀಪದ ಮೈಗೆ, ಇನ್ನೊಂದನ್ನು ಬ್ಯಾಟರಿಯ ಅರ್ಥ್ ಕಡೆಗೆ ಮುಟ್ಟಿಸಿ. ಫಳ್ ಅಂತ ಉರಿದರೆ ಅದೇ ತಪ್ಪು. ಹೆಣೆದ ತಾಮ್ರದ ಪಟ್ಟಿಯನ್ನು ಬಾಡಿಯಿಂದ ಚಾಸಿಗೆ ಹಾಕಿ, ಕೆಳಗೆ ಬಣ್ಣ ಕೆರೆದು. ಆರು ವೋಲ್ಟಿನ ಗಾಡಿಗೆ ತಂತಿಯೂ ದಪ್ಪ ಬೇಕು.

ಲಕ್ಷಣ: ಹೊಂದಿಸಿದ ಬಾಗಿಲು ವಾರಕ್ಕೊಮ್ಮೆ ಕೆಡುತ್ತದೆ

ಪ್ಯಾಡ್ ಸರಿ, ಮರ ಸರಿ, ಬೋಲ್ಟು ಸರಿ. ಆದರೂ ಸಂದು ಮತ್ತೆ ಮತ್ತೆ ಬದಲಾಗುತ್ತಿದೆ. ಆಗ ಚಾಸಿಯೇ ಬಿಡುತ್ತಿರಬಹುದು.

ರಿವೆಟ್ಟುಗಳನ್ನು ನೋಡಿ. ಸುತ್ತ ಕೆಂಪು ಪುಡಿ ಇದ್ದರೆ ಅದು ಆಡುತ್ತಿದೆ. ಒಂದು ಬದಿಗೆ ಬೆರಳು ಇಟ್ಟು ಇನ್ನೊಂದು ಬದಿಯಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ. ಗಟ್ಟಿ ರಿವೆಟ್ಟು ಠಣ್ ಅನ್ನುತ್ತದೆ. ಸಡಿಲಾದದ್ದು ಮಂಕಾಗಿ ಸದ್ದು ಮಾಡಿ ಬೆರಳಿಗೆ ನಡುಕ ಕೊಡುತ್ತದೆ. ಬಿರುಕು ನೋಡಲು ಸ್ಪ್ರಿಂಗ್ ಬ್ರಾಕೆಟ್ಟಿನ ಸುತ್ತ ಬಣ್ಣ, ಜಿಡ್ಡು ತೆಗೆದು ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಒಣಗುವ ಹಾಗೆ ಒರೆಸಿ, ಸುಣ್ಣದ ಪುಡಿ ಬಳಿಯಿರಿ. ಬಿರುಕಿನಲ್ಲಿ ಉಳಿದ ಎಣ್ಣೆ ಮೇಲೆ ಬಂದು ಕೂದಲಿನಂಥ ಗೆರೆ ಮೂಡಿಸುತ್ತದೆ. ನಮ್ಮ ಚಾಸಿಯ ಎಡ ಹಿಂಬದಿಯಲ್ಲಿ ಅಂಥ ಗೆರೆ ಮೂಡಿದ್ದನ್ನು ಕಾಕಾ ಕನ್ನಡಕ ತೆಗೆದು ನೋಡಿ, "ಇನ್ ನನ್ನ ಕೆಲಸ ಅಲ್ರಿ" ಅಂದರು. ಅದು ನನ್ನ ಕೆಲಸವೂ ಅಲ್ಲ.

ಗೆರೆ ಕಂಡರೆ ನಿಲ್ಲಿಸಿ. ಲಾರಿ ಚಾಸಿ ನೇರ ಮಾಡುವ, ರಿವೆಟ್ ಹೊಡೆಯುವ ಅನುಭವ ಇರುವವರ ಹತ್ತಿರ ಒಯ್ಯಿರಿ. ಪುಣೆಯ ಭೋಸರಿ ಕಡೆ ಇಂಥ ಕೆಲಸದವರಿದ್ದಾರೆ. ಕತ್ತರಿಸಬೇಡಿ ಅಂದೆನಲ್ಲ, ಕಾರಣ ಇದು: ಚಾಸಿ ಬಾಗುವಾಗ ಅದರ ಮೇಲಿನ ಮತ್ತು ಕೆಳಗಿನ ಮಡಿಕೆಗಳಿಗೇ ಎಲ್ಲ ಒತ್ತಡ. ಅಲ್ಲಿ ಒಂದು ತೂತು ಕೊರೆದರೂ, ಅಂಚಿಗೆ ವೆಲ್ಡಿಂಗ್ ಹೊಡೆದರೂ ಬಿರುಕು ಅಲ್ಲಿಂದಲೇ ಶುರು. ಬಾಡಿಯ ಹಳೆ ತೂತು ಹೊಸ ಚಾಸಿಗೆ ಹೊಂದದಿದ್ದರೆ ಮಡಿಕೆ ಕೊರೆಯದೆ, ಪಕ್ಕದ ನಿಂತ ಗೋಡೆಯ ನಡುಭಾಗಕ್ಕೆ ಬ್ರಾಕೆಟ್ ಬೋಲ್ಟು ಮಾಡಿ. ಅಲ್ಲಿ ಒತ್ತಡ ಕಡಿಮೆ.

ಬಾಡಿ ಮತ್ತೆ ಎತ್ತಬೇಕಾಗಿ ಬಂದರೆ ಬಾಗಿಲಿನ ಬಾಯಿಗಳಿಗೆ ಅಡ್ಡಕ್ಕೆ, ಓರೆಗೆ ಹಲಗೆ ಹೊಡೆದು ಎತ್ತಿ. ಇಲ್ಲದಿದ್ದರೆ ಚಾಸಿಯ ಆಸರೆ ತಪ್ಪಿದ ಕೂಡಲೇ ಬಾಡಿ ಬಾಳೆ ಎಲೆಯ ಹಾಗೆ ಮಡಚುತ್ತದೆ. ಕಡಿಮೆ ಅಂದರೂ ಆರು ಜನ ಬೇಕು, ಹೇಳುವ ಬಾಯಿ ಒಂದೇ ಇರಬೇಕು.

ಲಕ್ಷಣ: ಬಾಡಿ ಕೂತಿತು, ಕಾಗದ ಕೂರುತ್ತಿಲ್ಲ

ಇದನ್ನು ಬಾಡಿ ಇಳಿಸುವ ಮುಂಚೆಯೇ ನೋಡಿದ್ದರೆ ಒಳ್ಳೆಯದಿತ್ತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2021ರ ಜುಲೈಯಲ್ಲಿ ಬಂದ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಎ ಸರಣಿಯ ನಂಬರು ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮತ್ತೆ ನೋಂದಾಯಿಸಲು 5,000. ಆದರೆ ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಎರಡು ಗಾಡಿ ಸೇರಿ ಒಂದಾದದ್ದು ಇದರೊಳಗೆ ಸುಲಭವಾಗಿ ಬರುವುದಿಲ್ಲ. ಏನು ಮಾಡಿದ್ದೀರಿ ಅನ್ನುವುದನ್ನು ಫೋಟೋ ಸಮೇತ ಆರ್‌ಟಿಓಗೆ ಮುಂಚೆಯೇ ತೋರಿಸಿ. ಚಾಸಿ ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ, ಹೊಸ ನಂಬರ್ ಹೊಡೆಯುವ ಮಾತಂತೂ ಬೇಡ. ಅದು ಸೀದಾ ಪೊಲೀಸ್ ಕೇಸು. ನಮ್ಮ ಗಾಡಿ ಸದ್ಯಕ್ಕೆ ಖಾಸಗಿ ಅಂಗಳ ದಾಟಿಲ್ಲ.

ಎಲ್ಲ ಸರಿಯಾದ ಮೇಲೆ

ಬೋಲ್ಟು ಬಿಗಿದು ಮುಗಿಸಿದ ದಿನ ಪ್ರತಿ ನಟ್ಟಿನಿಂದ ಚಾಸಿಯವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮೊದಲ ದಿನ ಅಂಗಳದಲ್ಲಿ ನಾಲ್ಕು ಸುತ್ತು, ಮತ್ತೆ ನೋಡಿ. ವಾರ ಬಿಟ್ಟು ನೋಡಿ. ಮೊದಲ ಮಳೆಯ ನಂತರ ಇನ್ನೊಮ್ಮೆ. ಗೆರೆ ಮುರಿದಿರುವ ನಟ್ಟನ್ನು ಸುಮ್ನೆ ಬಿಗಿದು ಎದ್ದು ಬರಬೇಡಿ, ಅದರ ಮೇಲಿನ ಪ್ಯಾಡು, ಪಕ್ಕದ ಮರ, ಎದುರಿನ ಬಾಗಿಲಿನ ಸಂದು ಮೂರನ್ನೂ ನೋಡಿ. ನಮ್ಮಲ್ಲಿ ಈ ಸಲ ಮುರಿದದ್ದು ಒಂದೇ ಗೆರೆ. ಎಡಗಡೆ, ಹಿಂದಿನ ಬಾಗಿಲಿನ ನೇರ ಕೆಳಗೆ, ಅವತ್ತು ಪ್ಯಾಡ್ ಇರದಿದ್ದ ಅದೇ ಜಾಗ. ಕಾಕಾ ಕೀಸುಳಿಯನ್ನು ತೆಗೆದು ಬೀರುವಿನ ಮೇಲಿನ ಖಾನೆಗೆ ಇಟ್ಟು, ಟಾರ್ಚನ್ನು ನನ್ನ ಕೈಗೆ ಕೊಟ್ಟರು.